ಮುತ್ತಜ್ಜನ ಕಾಫಿ, ಜರ್ಮನ್ ಹಡಗು, ಬೊಂಬಾಯಿಯ ಪ್ರೈಜ್ ಕೋರ್ಟ್

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆ. 1914ರ ಜುಲೈನಲ್ಲಿ ನಮ್ಮ ಮುತ್ತಜ್ಜ ಮಂಗಳೂರಿನಿಂದ ಬೊಂಬಾಯಿಗೆ ಕಾಫಿ ಕಳಿಸಿದ್ದರಂತೆ. ಅಲ್ಲಿ ಅದನ್ನು ಹ್ಯಾಂಬರ್ಗಿಗೆ ಹೋಗುವ ಜರ್ಮನ್ ಹಡಗಿಗೆ ತುಂಬಿದರು. ಹಡಗು ಹೊರಡುವ ಮೊದಲೇ ಯುದ್ಧ ಶುರುವಾಗಿ, ಸರ್ಕಾರ ಹಡಗನ್ನು ಹಿಡಿಯಿತು. ‘ಕಾಫಿಯನ್ನೆಲ್ಲ ನೌಕಾಪಡೆಯವರು ಹಂಚಿಕೊಂಡರು’ ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಹಳೇ ಪೆಟ್ಟಿಗೆಯಲ್ಲಿ ಒಂದು ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ತುಂಬಿದ್ದಕ್ಕೆ ಕೊಡುವ ಕಾಗದ, ಇದನ್ನು ತೋರಿಸಿದವರಿಗೆ ಸರಕು) ಮತ್ತು ‘ಪ್ರೈಜ್ ಕೋರ್ಟ್’ ಅಂತ ಬರೆದಿರುವ ಒಂದು ಕಾಗದ ಸಿಕ್ಕಿದೆ. ಈಗ ಒಬ್ಬರು, ಲಂಡನ್ನಿನಿಂದ ಬಡ್ಡಿ ಸಮೇತ ಹಣ ತರಿಸಿಕೊಡುತ್ತೇನೆ, ಮೊದಲು ಸ್ವಲ್ಪ ಫೀಸು ಕೊಡಿ ಅನ್ನುತ್ತಿದ್ದಾರೆ. ಕೊಡಬಹುದೇ? ಅದು ನಿಜಕ್ಕೂ ಲೂಟಿಯೇ? ನನ್ನ ಮಗಳು ಈಗ ಕಾಫಿ ರಫ್ತು ಮಾಡುತ್ತಾಳೆ. ಇವತ್ತು ಹೀಗೇ ಆದರೆ ಅವಳ ಗತಿ ಏನು?

ಉತ್ತರ: ಮೊದಲು ತುರ್ತಿನ ಮಾತು. ಆ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಕಾಗದಗಳ ಮೂಲಪ್ರತಿಯನ್ನೂ ಅವರ ಕೈಗೆ ಕೊಡಬೇಡಿ. ಹಡಗು ಮತ್ತು ಸರಕಿನ ವ್ಯಾಜ್ಯಗಳೇ ನನ್ನ ಕಸುಬು. ಇಂಥ ಮಾತು ಹೇಳಿಕೊಂಡು ಬರುವವರನ್ನು ಆಗಾಗ ನೋಡಿದ್ದೇನೆ. ಕಾರಣ ಮುಂದೆ ಬರುತ್ತದೆ.

ಈಗ ಮನೆಯ ಮಾತಿಗೆ ಬರೋಣ. ನೌಕಾಪಡೆಯವರು ಹಂಚಿಕೊಂಡರು ಅನ್ನುವುದಕ್ಕೆ ಬುಡವೇ ಇಲ್ಲ ಅಂತಲ್ಲ. ಶತ್ರುವಿನ ಹಡಗು ಹಿಡಿದ ನಾವಿಕರಿಗೆ ಅದನ್ನು ಮಾರಿದ ಹಣದಲ್ಲಿ ಪಾಲು ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ನೂರಾರು ವರ್ಷ ಇತ್ತು. ಆದರೆ 1914ರ ಆಗಸ್ಟ್‌ನಲ್ಲೇ ಅದನ್ನು ಬದಲಾಯಿಸಿದರು. ಹಿಡಿದ ಹಡಗಿನ ಸಿಬ್ಬಂದಿಗೇ ಪಾಲು ಕೊಡುವುದು ನಿಂತಿತು. ಎಲ್ಲವೂ ಒಂದು ನಿಧಿಗೆ ಸೇರಿ, ಯುದ್ಧ ಮುಗಿದ ಮೇಲೆ ಇಡೀ ನೌಕಾಪಡೆಗೆ ಹಂಚಿಕೆಯಾಯಿತು. 1948ರ ಕಾನೂನು ಮುಂದಿನ ಯುದ್ಧಗಳಿಗೆ ಆ ಪದ್ಧತಿಯನ್ನೇ ರದ್ದು ಮಾಡಿತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಆ ಪಾಲು ಸಿಗುತ್ತಿದ್ದದ್ದು ಸಮುದ್ರದಲ್ಲಿ ಹಿಡಿದ ಹಡಗುಗಳಿಂದ. ಬಂದರಿನಲ್ಲೇ ಸಿಕ್ಕಿಬಿದ್ದ ಹಡಗಿನ ಹಣ ನಾವಿಕರಿಗೆ ಹೋಗುತ್ತಿರಲಿಲ್ಲ, ಖಜಾನೆಗೆ ಹೋಗುತ್ತಿತ್ತು. ನಿಮ್ಮ ಮುತ್ತಜ್ಜನ ಕಾಫಿ ಇದ್ದ ಹಡಗು ಬೊಂಬಾಯಿ ಬಂದರಿನಲ್ಲೇ ಇತ್ತು ಅಂತೀರಿ. ಹಾಗಿದ್ದರೆ ಯಾವ ನಾವಿಕನ ಜೇಬಿಗೂ ಆ ಕಾಫಿಯ ದುಡ್ಡು ಹೋಗಿಲ್ಲ.

ಹಾಗಾದರೆ ಏನಾಯಿತು? 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಘೋಷಿಸಿತು. ಆ ಹೊತ್ತಿಗೆ ಜಗತ್ತಿನ ಬಂದರುಗಳಲ್ಲೆಲ್ಲ ಜರ್ಮನ್ ಹಡಗುಗಳಿದ್ದವು. ಯುದ್ಧ ಶುರುವಾದಾಗ ನಿಮ್ಮ ಬಂದರಿನಲ್ಲಿರುವ ಶತ್ರು ವ್ಯಾಪಾರಿ ಹಡಗುಗಳಿಗೆ ಹೊರಟುಹೋಗಲು ಕೆಲವು ದಿನ ಕೊಟ್ಟರೆ ಒಳ್ಳೆಯದು ಅಂತ 1907ರ ಹೇಗ್ ಒಪ್ಪಂದ ಹೇಳುತ್ತಿತ್ತು. ಬ್ರಿಟನ್ ಒಂದು ಷರತ್ತು ಹಾಕಿತು: ನೀವು ನಮ್ಮ ಹಡಗುಗಳನ್ನು ಬಿಟ್ಟರೆ ನಾವೂ ಬಿಡುತ್ತೇವೆ, ಆಗಸ್ಟ್ 7ರ ಮಧ್ಯರಾತ್ರಿಯೊಳಗೆ ಹೇಳಿ. ಜರ್ಮನಿಯ ಒಪ್ಪಿಗೆ ಆ ಗಡುವಿನೊಳಗೆ ಬರಲಿಲ್ಲ. ಜರ್ಮನ್ ಹಡಗುಗಳು ಅಲ್ಲೇ ಸಿಕ್ಕಿಬಿದ್ದವು. ಆಸ್ಟ್ರಿಯಾದ ಜೊತೆ ಮಾತು ಕುದುರಿತು. ಅದರ ಹಡಗುಗಳಿಗೆ ಹೊರಡಲು ಸಮಯ ಸಿಕ್ಕಿತು. ಯಾವ ದೇಶದ ಹಡಗಿಗೆ ಚೀಲ ತುಂಬಿದ್ದರು ಅನ್ನುವುದರ ಮೇಲೆ ಒಂದು ಮನೆಯ ವರ್ಷದ ಫಸಲು ನಿಂತಿತ್ತು. ನಿಮ್ಮ ಮುತ್ತಜ್ಜನ ತಪ್ಪು ಇದರಲ್ಲಿ ಏನೂ ಇರಲಿಲ್ಲ.

ಪ್ರೈಜ್ ಕೋರ್ಟ್ ಅಂದರೆ ಯುದ್ಧದಲ್ಲಿ ಹಿಡಿದ ಹಡಗು, ಸರಕಿನ ಹಣೆಬರಹ ತೀರ್ಮಾನಿಸುವ ಕೋರ್ಟು. ಭಾರತದಲ್ಲಿ ಹೈಕೋರ್ಟುಗಳಿಗೇ ಆ ಅಧಿಕಾರ ಇತ್ತು. ಬೊಂಬಾಯಿ ಹೈಕೋರ್ಟು ಅವುಗಳಲ್ಲಿ ಒಂದು. ಲೂಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಹಿಡಿದ ಕ್ಷಣಕ್ಕೆ ಸರಕು ಸರ್ಕಾರದ್ದಾಗುವುದಿಲ್ಲ. ಕೋರ್ಟಿನ ಮಾರ್ಷಲ್ ಅದನ್ನು ಕಾಯುವವನು ಮಾತ್ರ. ಕೆಡುವ ಮಾಲಾಗಿದ್ದರೆ, ಗೋದಾಮಿನ ಬಾಡಿಗೆಯೇ ಸರಕಿನ ಬೆಲೆಯನ್ನು ತಿನ್ನುವ ಹಾಗಿದ್ದರೆ, ಕೋರ್ಟಿನ ಅಪ್ಪಣೆ ಪಡೆದು ಮಾರುತ್ತಾರೆ. ಹಣ ಕೋರ್ಟಿನಲ್ಲಿ ಜಮಾ ಇರುತ್ತದೆ. ಆಗಸ್ಟ್ ತಿಂಗಳ ಬೊಂಬಾಯಿ, ಮುಂಗಾರಿನ ತೇವ, ಕಾಫಿ ಬೀಜ: ಇದು ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಾಗಾಗಿ ಕಾಫಿಯನ್ನು ಬೇಗ ಹರಾಜು ಹಾಕಿರುವ ಸಾಧ್ಯತೆ ಜಾಸ್ತಿ. ಹರಾಜು ಆಯಿತು ಅಂದ ಮಾತ್ರಕ್ಕೆ ಹಕ್ಕು ಹೋಯಿತು ಅಂತಲ್ಲ. ಕಾಫಿಯ ಜಾಗದಲ್ಲಿ ಅದರ ಹಣ ಕೂತಿರುತ್ತಿತ್ತು.

ಹಕ್ಕು ಯಾರದು ಅನ್ನುವುದೇ ನಿಜವಾದ ಜಗಳ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪೆಟ್ಟಿಗೆಯಲ್ಲಿರುವ ಕಾಗದದ ಬೆಲೆ ಇದರಿಂದಲೇ ಗೊತ್ತಾಗುವುದು.

ಶತ್ರು ಹಡಗಿನಲ್ಲಿದ್ದ ಸರಕು ಶತ್ರುವಿನದೇ ಅಂತ ಕೋರ್ಟು ಮೊದಲಿಗೆ ಅಂದುಕೊಳ್ಳುತ್ತದೆ. ಅಲ್ಲ ಅನ್ನುವವನು ಬಂದು ಸಾಬೀತು ಮಾಡಬೇಕು. ಅದೂ ಯಾರಿಗೆ ನಷ್ಟವಾಯಿತು ಅಂತ ಕೋರ್ಟು ಕೇಳುವುದಿಲ್ಲ. ಹಿಡಿದ ದಿನ ಆ ಸರಕಿನ ಮಾಲೀಕ ಯಾರು ಅಂತ ಮಾತ್ರ ಕೇಳುತ್ತದೆ. ಮಾಲೀಕನ ಜಾತಿ, ಧರ್ಮ, ಹುಟ್ಟೂರು ಮುಖ್ಯವಲ್ಲ. ಎಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಾನೆ ಅನ್ನುವುದು ಮುಖ್ಯ. ಹ್ಯಾಂಬರ್ಗಿನಲ್ಲಿ ಅಂಗಡಿ ಇಟ್ಟ ಇಂಗ್ಲಿಷಿನವನು ಅಲ್ಲಿನ ವ್ಯಾಪಾರದ ಮಟ್ಟಿಗೆ ಶತ್ರುವೇ. ಮೈಸೂರು ಮಹಾರಾಜರ ಪ್ರಜೆಯಾಗಿ ಚಿಕ್ಕಮಗಳೂರಿನಲ್ಲಿದ್ದ ನಿಮ್ಮ ಮುತ್ತಜ್ಜ ಯಾವ ಲೆಕ್ಕದಲ್ಲೂ ಶತ್ರುವಲ್ಲ. ಕಾಫಿ ಆ ದಿನ ಅವರದ್ದೇ ಆಗಿದ್ದರೆ ಅದು ಬಿಡುಗಡೆ ಆಗಬೇಕಿತ್ತು.

ಎರಡು ಹಳೇ ಕೇಸುಗಳನ್ನು ಹೇಳಿದರೆ ವಿಷಯ ತಿಳಿಯಾಗುತ್ತದೆ. 1914ರಲ್ಲೇ ‘ಮಿರಾಮಿಚಿ’ ಅನ್ನುವ ಹಡಗಿನ ಗೋಧಿಯ ಕೇಸು ಲಂಡನ್ನಿನ ಪ್ರೈಜ್ ಕೋರ್ಟಿಗೆ ಬಂತು. ಗೋಧಿ ಅಮೆರಿಕದ ಗ್ಯಾಲ್ವೆಸ್ಟನ್‌ನಿಂದ ಹೊರಟಿತ್ತು. ಕೊಂಡವರು ಜರ್ಮನರು. ಕೊಂಡವರು ಬಿಲ್ ಆಫ್ ಲೇಡಿಂಗ್ ಬಿಡಿಸಿಕೊಂಡಿರಲಿಲ್ಲ, ಹಣ ಕೊಟ್ಟಿರಲಿಲ್ಲ. ಹಾಗಾಗಿ ಗೋಧಿ ಇನ್ನೂ ಅಮೆರಿಕದ ಮಾರಾಟಗಾರರದೇ ಅಂತ ನ್ಯಾಯಾಧೀಶ ಸರ್ ಸ್ಯಾಮ್ಯುಯೆಲ್ ಇವಾನ್ಸ್ ತೀರ್ಪು ಕೊಟ್ಟರು. ಸರಕು ಬಿಡುಗಡೆ ಆಯಿತು. ಇನ್ನೊಂದು ‘ಒಡೆಸ್ಸಾ’ ಕೇಸು. ಚಿಲಿ ದೇಶದಿಂದ ನೈಟ್ರೇಟ್ ತರುತ್ತಿದ್ದ ಜರ್ಮನ್ ಹಡಗು ಅದು. ಸರಕು ಹ್ಯಾಂಬರ್ಗಿನ ಕಂಪನಿಯದು. ಆದರೆ ಅದರ ಬಿಲ್ ಆಫ್ ಲೇಡಿಂಗನ್ನು ಒತ್ತೆ ಇಟ್ಟುಕೊಂಡು ಸಾಲ ಕೊಟ್ಟಿದ್ದವರು ಲಂಡನ್ನಿನ ಬ್ಯಾಂಕರುಗಳು. ನಷ್ಟವೆಲ್ಲ ತಮ್ಮದೇ ಅಂತ ಅವರು ವಾದಿಸಿದರು. ಮೇಲ್ಮನವಿಯ ಕೊನೆಯ ಕೋರ್ಟಾದ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಒತ್ತೆ, ಸಾಲ ಇವನ್ನೆಲ್ಲ ಪ್ರೈಜ್ ಕೋರ್ಟು ನೋಡುವುದಿಲ್ಲ, ಮಾಲೀಕ ಶತ್ರು, ಸರಕು ಮುಟ್ಟುಗೋಲು, ಅಷ್ಟೇ. ರಾಜ ಬೇಕಾದರೆ ಕೃಪೆಯಿಂದ ಏನಾದರೂ ಕೊಡಬಹುದು, ಹಕ್ಕಿನಿಂದ ಅಲ್ಲ. ಸ್ವಂತ ದೇಶದ ಬ್ಯಾಂಕಿಗೇ ಕೋರ್ಟು ಹೀಗೆ ಹೇಳಿತು ನೋಡಿ.

ಈಗ ನಿಮ್ಮ ಬಿಲ್ ಆಫ್ ಲೇಡಿಂಗ್ ಕೈಗೆತ್ತಿಕೊಳ್ಳಿ. ಕಳಿಸಿದವರ ಹೆಸರಿನ ಜಾಗದಲ್ಲಿ ಮುತ್ತಜ್ಜನ ಹೆಸರಿದೆಯೇ, ಅಥವಾ ಮಂಗಳೂರಿನ ಯಾವುದಾದರೂ ಯುರೋಪಿಯನ್ ಕಂಪನಿಯ ಹೆಸರಿದೆಯೇ? ಆ ಕಾಲದಲ್ಲಿ ಬಹಳ ಬೆಳೆಗಾರರು ಮಂಗಳೂರಿನ ಕ್ಯೂರಿಂಗ್ ವರ್ಕ್ಸಿಗೆ (ಕಾಫಿ ಹದಮಾಡುವ ಕಾರ್ಖಾನೆ) ಕಾಫಿ ಹಾಕಿ, ಅಲ್ಲಿನ ಕಂಪನಿಗಳಿಗೇ ಮಾರುತ್ತಿದ್ದರು. ಹಾಗಾಗಿದ್ದರೆ ಹಡಗು ಹತ್ತುವಾಗ ಕಾಫಿ ನಿಮ್ಮ ಮನೆಯದಾಗಿರಲಿಲ್ಲ. ಮುತ್ತಜ್ಜನದೇ ಹೆಸರಿದ್ದರೆ, ಸರಕು ಯಾರಿಗೆ ತಲುಪಬೇಕು ಅನ್ನುವಲ್ಲಿ ‘ಆರ್ಡರ್’ (ಕಳಿಸಿದವರು ಹೇಳಿದವರಿಗೆ ಕೊಡಿ ಅಂತ ಅರ್ಥ) ಅಂತ ಇದೆಯೇ, ಹ್ಯಾಂಬರ್ಗಿನವರ ಹೆಸರಿದೆಯೇ ನೋಡಿ. ‘ಆರ್ಡರ್’ ಅಂತ ಇದ್ದು, ಮೂಲಪ್ರತಿ ಇನ್ನೂ ನಿಮ್ಮ ಪೆಟ್ಟಿಗೆಯಲ್ಲೇ ಉಳಿದಿದೆ ಅಂದರೆ, ಕೊಂಡವರು ಹಣ ಕೊಟ್ಟು ಕಾಗದ ಬಿಡಿಸಿಕೊಂಡಿರಲಿಕ್ಕಿಲ್ಲ. ಹಾಗಿದ್ದರೆ ಮುತ್ತಜ್ಜನ ಸ್ಥಿತಿ ಮಿರಾಮಿಚಿಯ ಅಮೆರಿಕನ್ನರ ಹಾಗೆಯೇ. ಇದರ ಜೊತೆಗೆ ಮನೆಯ ಲೆಕ್ಕದ ಪುಸ್ತಕ ಇದ್ದರೆ ನೋಡಿ. ಬ್ಯಾಂಕಿನವರು ಹುಂಡಿ (ಕೊಂಡವರು ಹಣ ಕೊಡಬೇಕು ಅನ್ನುವ ಪತ್ರ) ಕೊಂಡುಕೊಂಡು ಮುಂಚೆಯೇ ಹಣ ಕೊಟ್ಟಿರಬಹುದು. ನಷ್ಟ ಆಯಿತು ಅಂತ ಮನೆಯಲ್ಲಿ ಮಾತು ಉಳಿದರೂ, ಹಣ ಬಂದ ದಾಖಲೆ ಪುಸ್ತಕದಲ್ಲಿರುವ ಸಂದರ್ಭಗಳನ್ನು ನಾನು ಕಂಡಿದ್ದೇನೆ.

ಇಷ್ಟಾದರೂ ಒಂದು ಮಾತು ಒಪ್ಪಲೇಬೇಕು. ಕಾನೂನು ಮಾಲೀಕನಿಗೆ ಬಾಗಿಲು ತೆರೆದಿಟ್ಟಿತ್ತು ನಿಜ. ಆದರೆ ಆ ಬಾಗಿಲವರೆಗೆ ಹೋಗಲು ಬೊಂಬಾಯಿಯಲ್ಲಿ ಸಾಲಿಸಿಟರ್ ಬೇಕು, ಇಂಗ್ಲಿಷಿನಲ್ಲಿ ಅಫಿಡವಿಟ್ ಬೇಕು, ಹಡಗಿನಿಂದ ಇಳಿಸಿದ ಕೂಲಿ, ಗೋದಾಮಿನ ಬಾಡಿಗೆ ಎಲ್ಲ ಕಳೆಯುವ ತನಕ ಕಾಯುವ ತಾಳ್ಮೆ ಬೇಕು. ಮಲೆನಾಡಿನ ಬೆಳೆಗಾರನಿಗೆ ಅದು ಎಷ್ಟು ದೂರದ ಮಾತು! ನಿಮ್ಮ ಮನೆಯವರು ಅದನ್ನು ಲೂಟಿ ಅಂತ ಕರೆದದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ. ಹಾಗೆಯೇ ‘ಪ್ರೈಜ್ ಕೋರ್ಟ್’ ಅಂತ ಬರೆದಿರುವ ಕಾಗದ ಪೆಟ್ಟಿಗೆಯಲ್ಲಿ ಇದೆ ಅಂದರೆ, ಮುತ್ತಜ್ಜ ಅಷ್ಟು ದೂರ ಹೋಗಿ ಕೇಳಿದ್ದರು ಅಂತ ನನಗನಿಸುತ್ತದೆ. ಅದು ನೋಟಿಸೋ, ಆದೇಶವೋ, ಹಣದ ರಸೀದಿಯೋ ಓದಿದರೆ ತಿಳಿಯುತ್ತದೆ.

ಸರ್ಕಾರಕ್ಕೇ ಆ ಸರಕು ಬೇಕಾದರೆ? ತೀರ್ಪಿಗೆ ಮೊದಲೇ ಎತ್ತಿಕೊಂಡು ಹೋಗಬಹುದೇ? ಹಾಗೆ ಮಾಡಲು ಹೋಗಿ ಸರ್ಕಾರ ಒಮ್ಮೆ ಸೋತಿದೆ. ‘ಝಮೋರಾ’ ಸ್ವೀಡನ್ನಿನ ಹಡಗು, ನ್ಯೂಯಾರ್ಕಿನಿಂದ ಸ್ಟಾಕ್‌ಹೋಮಿಗೆ ಹೋಗುತ್ತಿತ್ತು. 1915ರಲ್ಲಿ ಬ್ರಿಟಿಷರು ಅದನ್ನು ತಡೆದರು. ಅದರಲ್ಲಿದ್ದ 400 ಟನ್ ತಾಮ್ರ ಯುದ್ಧ ಇಲಾಖೆಗೆ ಬೇಕಿತ್ತು. ತೀರ್ಪು ಬರುವ ಮೊದಲೇ ಅದನ್ನು ತಮಗೆ ಕೊಡಿಸಿ ಅಂತ ಕೇಳಿದರು. 1916ರ ಏಪ್ರಿಲ್‌ನಲ್ಲಿ ಪ್ರಿವಿ ಕೌನ್ಸಿಲ್ ಸ್ಪಷ್ಟವಾಗಿ ಹೇಳಿತು: ಸರ್ಕಾರದ ಆಜ್ಞೆ ಪ್ರೈಜ್ ಕೋರ್ಟಿನ ಕೈ ಕಟ್ಟಲಾರದು. ಸರಕು ನಿಜವಾಗಿ ತುರ್ತಾಗಿ ಬೇಕು ಅಂತ ನ್ಯಾಯಾಧೀಶನಿಗೆ ತೋರಿಸಬೇಕು. ತೀರ್ಮಾನಿಸಬೇಕಾದ ನಿಜವಾದ ತಕರಾರು ಇರಬೇಕು. ಬೆಲೆಯನ್ನೂ ಕಟ್ಟಬೇಕು. ಯುದ್ಧ ಉರಿಯುತ್ತಿದ್ದಾಗ, ತನ್ನದೇ ಸರ್ಕಾರದ ವಿರುದ್ಧ, ಬೇರೆ ದೇಶದ ವ್ಯಾಪಾರಿಯ ಪರವಾಗಿ ಬಂದ ತೀರ್ಪು ಇದು. ನನ್ನ ಕಸುಬಿನಲ್ಲಿ ನಾನು ತುಂಬಾ ಗೌರವಿಸುವ ತೀರ್ಪುಗಳಲ್ಲಿ ಇದೂ ಒಂದು.

ಕೋರ್ಟು, ಕಚೇರಿ ಏನೂ ಇಲ್ಲದೆ ಹಿಡಿಯುವುದು ಹೇಗಿರುತ್ತದೆ ಅಂತ ತಿಳಿಯಲು ‘ಎಮ್ಡೆನ್’ ನೆನೆಸಿಕೊಳ್ಳಿ. ಅದೇ ವರ್ಷ ಸೆಪ್ಟೆಂಬರ್ 22ರಂದು ಮದರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಯುದ್ಧನೌಕೆ. ಬಂಗಾಳ ಕೊಲ್ಲಿಯಲ್ಲಿ ಹಡಗು ಹಿಡಿದರೆ ಒಯ್ಯಲು ಅದಕ್ಕೆ ಹತ್ತಿರದಲ್ಲಿ ಬಂದರೇ ಇರಲಿಲ್ಲ. ಜನರನ್ನು ಇಳಿಸಿಕೊಂಡು ಬಹಳ ಹಡಗುಗಳನ್ನು ಮುಳುಗಿಸಿತು. ‘ಬುರೆಸ್ಕ್’ನಂಥ ಕಲ್ಲಿದ್ದಲ ಹಡಗುಗಳನ್ನು ತನ್ನ ಉರುವಲಿಗೆ ಇಟ್ಟುಕೊಂಡಿತು. ಅಲ್ಲಿ ಸರಕು ಮುಳುಗುವ ಮೊದಲು ನಿಂತು ವಾದಿಸಲು ಮಾಲೀಕರಿಗೆ ಯಾವ ಕಟಕಟೆಯೂ ಸಿಗಲಿಲ್ಲ.

ನೀವು ಕೇಳದಿದ್ದರೂ ಹಡಗಿನ ಕಥೆ ಹೇಳಬೇಕು. ದಾಖಲೆ ಹುಡುಕುವಾಗ ಅದು ಬೇಕಾಗುತ್ತದೆ. ಹಿಡಿದ ಹಡಗುಗಳನ್ನು ಸರ್ಕಾರಗಳು ಸುಮ್ನೆ ನಿಲ್ಲಿಸಲಿಲ್ಲ. ಸೈನಿಕರನ್ನು, ಗೋಧಿಯನ್ನು, ಕುದುರೆಗಳನ್ನು ಸಾಗಿಸಲು ಹಡಗು ಸಾಲುತ್ತಿರಲಿಲ್ಲ. ಆದರೆ ಸರ್ಕಾರಕ್ಕೆ ವ್ಯಾಪಾರಿ ಹಡಗು ನಡೆಸುವ ಅನುಭವ ಎಲ್ಲಿತ್ತು? ಹಾಗಾಗಿ ಮಾಲೀಕತ್ವ ಸರ್ಕಾರದ್ದು, ನಡೆಸುವುದು ಖಾಸಗಿ ಹಡಗು ಕಂಪನಿ ಅನ್ನುವ ಏರ್ಪಾಡು ಬಂತು. ಕಂಪನಿ ಸಿಬ್ಬಂದಿ ಹಾಕಬೇಕು, ದುರಸ್ತಿ ಮಾಡಿಸಬೇಕು, ಲೆಕ್ಕ ಒಪ್ಪಿಸಬೇಕು. ಅದಕ್ಕೆ ಫೀಸು ಸಿಗುತ್ತದೆ.

ಹೆಸರುಗಳೂ ಬದಲಾದವು. 1914ರ ಆಗಸ್ಟ್ 5ರಂದು ಮೆಲ್ಬೋರ್ನ್ ಬಳಿಯ ಫೋರ್ಟ್ ನೆಪಿಯನ್ ಕೋಟೆಯಿಂದ ಗುಂಡು ಹಾರಿಸಿ ತಡೆದ ‘ಫಾಲ್ಜ್’ ಹಡಗು ಆಸ್ಟ್ರೇಲಿಯಾದ ಕೈಯಲ್ಲಿ ‘ಬುರಾರಾ’ ಆಯಿತು. ಬ್ರಿಟನ್ ಕೆಲವಕ್ಕೆ ‘ಹಂಟ್ಸ್’ ಅಂತ ಶುರುವಾಗುವ ಹೆಸರಿಟ್ಟಿತು. ‘ಡರ್ಫ್ಲಿಂಗರ್’ ಹೋಗಿ ‘ಹಂಟ್ಸ್‌ಗ್ರೀನ್’ ಬಂತು. ಅಮೆರಿಕ 1917ರಲ್ಲಿ ಯುದ್ಧಕ್ಕಿಳಿದಾಗ ‘ಫಾಟರ್‌ಲಾಂಟ್’ ಅನ್ನುವ ದೈತ್ಯ ಹಡಗು ‘ಲೆವಿಯಥನ್’ ಆಗಿ, ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಯುರೋಪಿಗೆ ಒಯ್ದಿತು. ಅಲ್ಲಿನ ಬಂದರುಗಳಲ್ಲಿದ್ದ ಹಲವು ಹಡಗುಗಳ ಎಂಜಿನ್‌ಗಳನ್ನು ಜರ್ಮನ್ ಸಿಬ್ಬಂದಿ ಒಡೆದುಹಾಕಿದ್ದರು. ಅಮೆರಿಕನ್ನರು ವಿದ್ಯುತ್ ವೆಲ್ಡಿಂಗ್‌ನಿಂದ ಕೆಲವೇ ತಿಂಗಳಲ್ಲಿ ಸರಿಮಾಡಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರ್ಕಾರಿ ಹಡಗುಗಳ ಹೆಸರಿನ ಮುಂದೆ ‘ಎಂಪೈರ್’ ಸೇರಿತು. 1940ರಲ್ಲಿ ಹಿಡಿದ ‘ಹ್ಯಾನೋವರ್’ ‘ಎಂಪೈರ್ ಒಡಾಸಿಟಿ’ ಆಗಿ, ಆಮೇಲೆ ವಿಮಾನ ಹೊರುವ ಬೆಂಗಾವಲು ನೌಕೆಯಾಯಿತು. 1948ರಲ್ಲಿ ಕೆರಿಬಿಯನ್ ಜನರನ್ನು ಇಂಗ್ಲೆಂಡಿಗೆ ತಂದ ‘ಎಂಪೈರ್ ವಿಂಡ್‌ರಶ್’ ಕೂಡ 1945ರಲ್ಲಿ ವಶವಾದ ‘ಮಾಂಟೆ ರೋಸಾ’ ಅನ್ನುವ ಜರ್ಮನ್ ಹಡಗೇ. ನಿಮ್ಮ ಕಾಗದದಲ್ಲಿರುವ ಹಡಗಿನ ಹೆಸರು 1915ರ ನಂತರದ ದಾಖಲೆಗಳಲ್ಲಿ ಕಾಣಿಸದಿದ್ದರೆ, ಮುಳುಗಿತು ಅಂತ ತಿಳಿಯಬೇಡಿ. ಬೇರೆ ಹೆಸರಲ್ಲಿ ಓಡಾಡುತ್ತಿತ್ತೋ ಏನೋ.

ಕಾಗದದಲ್ಲಿ ಮರ್ಮಗೋವಾ ಅಂತ ಇದೆಯೇ ಅನ್ನುವುದನ್ನೂ ನೋಡಿ. ಪೋರ್ಚುಗಲ್ ಮೊದಲು ಯುದ್ಧದಲ್ಲಿ ಇರಲಿಲ್ಲ. ಹಾಗಾಗಿ ಕೆಲವು ಜರ್ಮನ್ ಹಡಗುಗಳು ಗೋವಾದಲ್ಲಿ ಆಶ್ರಯ ಪಡೆದಿದ್ದವು. 1916ರ ಫೆಬ್ರುವರಿಯಲ್ಲಿ ಪೋರ್ಚುಗಲ್ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಳ್ಳಲು ಶುರುಮಾಡಿತು. ಮಾರ್ಚ್ 9ರಂದು ಜರ್ಮನಿ ಅದರ ಮೇಲೆ ಯುದ್ಧ ಘೋಷಿಸಿತು. ನಿಮ್ಮ ಹಡಗು ಅಲ್ಲಿದ್ದರೆ ಬೊಂಬಾಯಿಯಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಈಗ ಹಣದ ಮಾತು. ಬರುವುದಿಲ್ಲ. ಪ್ರೈಜ್ ಕೋರ್ಟಿನ ತೀರ್ಪು ಆ ವಸ್ತುವಿನ ಮೇಲೆ ಕೊಟ್ಟ ತೀರ್ಪು. ಅದು ಕೋರ್ಟಿಗೆ ಬಂದವರಿಗೂ, ಬಾರದವರಿಗೂ, ಎಲ್ಲರಿಗೂ ಅನ್ವಯಿಸುತ್ತದೆ. ಮೇಲ್ಮನವಿಯ ಅವಧಿ ಮುಗಿದು ನೂರು ವರ್ಷ ಕಳೆದಿದೆ. 1919ರ ವರ್ಸೇಲ್ಸ್ ಒಪ್ಪಂದದ 440ನೇ ವಿಧಿಯಲ್ಲಿ, ಮಿತ್ರರಾಷ್ಟ್ರಗಳ ಪ್ರೈಜ್ ಕೋರ್ಟುಗಳ ಆದೇಶಗಳನ್ನೆಲ್ಲ ಜರ್ಮನಿ ಒಪ್ಪಿಕೊಂಡಿತು. ಇತ್ತ ಜರ್ಮನಿಯಿಂದಲೂ ಕೇಳುವ ಹಾಗಿಲ್ಲ, ಅತ್ತ ಬ್ರಿಟನ್ನಿನಿಂದಲೂ ಇಲ್ಲ. ಬಡ್ಡಿ ಸಮೇತ ತರಿಸುತ್ತೇನೆ ಅನ್ನುವವರಿಗೆ ಇದು ಗೊತ್ತಿಲ್ಲ, ಅಥವಾ ಚೆನ್ನಾಗಿಯೇ ಗೊತ್ತಿದೆ.

ಆದರೆ ಮುತ್ತಜ್ಜನಿಗೆ ನ್ಯಾಯ ಸಿಕ್ಕಿತೇ ಅಂತ ತಿಳಿಯುವ ದಾರಿ ಇದೆ. ಲಂಡನ್ ಗೆಜೆಟ್‌ನಲ್ಲಿ ತಡೆಹಿಡಿದ ಹಡಗುಗಳ ಪಟ್ಟಿಗಳು ಅಚ್ಚಾಗುತ್ತಿದ್ದವು. ಅದನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಹುಡುಕಬಹುದು. ಹಡಗಿನ ಹೆಸರು ಅಲ್ಲಿ ಸಿಕ್ಕಿದರೆ ಮುಂಬೈ ಹೈಕೋರ್ಟಿನ ಹಳೇ ದಾಖಲೆ, ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಈ ಕ್ರಮದಲ್ಲಿ ಹೋಗಿ. ಸಮಯ ಹಿಡಿಯುತ್ತದೆ, ಕೆಲವು ಕಡತ ಸಿಗದೆಯೂ ಇರಬಹುದು. ಖರ್ಚು ಮಾಡುವುದಾದರೆ ಆ ಮಧ್ಯವರ್ತಿಗೆ ಕೊಡುವ ಬದಲು ಇದಕ್ಕೆ ಮಾಡಿ.

ಕೊನೆಗೆ ಮಗಳ ವಿಷಯ. ಪ್ರೈಜ್ ಕಾನೂನು ಸತ್ತಿಲ್ಲ. ನಮ್ಮಲ್ಲೇ 1971ರ ನೌಕಾ ಮತ್ತು ವಿಮಾನ ಪ್ರೈಜ್ ಕಾಯ್ದೆ ಇದೆ. 1965ರ ಯುದ್ಧದಲ್ಲಿ ಭಾರತ, ಪಾಕಿಸ್ತಾನ ಎರಡೂ ಪರಸ್ಪರರ ಆಸ್ತಿ, ಸರಕುಗಳನ್ನು ವಶಪಡಿಸಿಕೊಂಡವು. ಹಿಂದಿರುಗಿಸುವ ಬಗ್ಗೆ ಮಾತಾಡೋಣ ಅಂತ 1966ರ ತಾಷ್ಕೆಂಟ್ ಘೋಷಣೆಯಲ್ಲಿ ಒಪ್ಪಿದ್ದರೂ ಅದು ಕೈಗೂಡಲಿಲ್ಲ. ಪಾಕಿಸ್ತಾನದಲ್ಲಿ ಆಸ್ತಿ ಕಳೆದುಕೊಂಡ ಭಾರತೀಯರಿಗೆ ನಮ್ಮ ಸರ್ಕಾರ 1971ರಲ್ಲಿ, ಪರಿಶೀಲಿಸಿದ ಕ್ಲೇಮಿನ 25% ಮಾತ್ರ ಎಕ್ಸ್ ಗ್ರೇಷಿಯಾ (ಹಕ್ಕಿನಿಂದಲ್ಲ, ಕೃಪೆಯಿಂದ) ಅಂತ ಕೊಡಲು ಮುಂದಾಯಿತು. ಇನ್ನು ಯುದ್ಧ ಘೋಷಣೆ ಇಲ್ಲದೆಯೂ ಹಡಗು ಹಿಡಿಯುವುದುಂಟು. 2024ರ ಏಪ್ರಿಲ್ 13ರಂದು ಹೊರ್ಮುಜ್ ಜಲಸಂಧಿಯ ಬಳಿ ಇರಾನ್ ಹಿಡಿದ ‘ಎಂಎಸ್‌ಸಿ ಏರೀಸ್’ ಮುಂಬೈ ಬಳಿಯ ನಾವಾ ಶೇವಾ ಬಂದರಿಗೆ ಬರುತ್ತಿತ್ತು. ಅದರ 25 ಸಿಬ್ಬಂದಿಯಲ್ಲಿ 17 ಜನ ಭಾರತೀಯರು.

ಹಾಗಾಗಿ ಮಗಳು ಎರಡು ವಿಷಯ ಗಟ್ಟಿಮಾಡಿಕೊಳ್ಳಲಿ. ಹಣ ಕೈಗೆ ಬರುವ ತನಕ ಬಿಲ್ ಆಫ್ ಲೇಡಿಂಗ್ ತನ್ನ ಅಥವಾ ತನ್ನ ಬ್ಯಾಂಕಿನ ಆರ್ಡರಿನಲ್ಲೇ ಇರಲಿ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಬಿಲ್ ಮಾರಾಟಗಾರನ ಆರ್ಡರಿನಲ್ಲಿದ್ದರೆ ಸರಕಿನ ಮೇಲಿನ ಹಿಡಿತ ಅವನು ಉಳಿಸಿಕೊಂಡಿದ್ದಾನೆ ಅಂತಲೇ ಮೊದಲ ನೋಟಕ್ಕೆ ತಿಳಿಯುತ್ತಾರೆ. ಇದರಲ್ಲೂ ತೊಡಕಿದೆ: ಕೊಂಡವರು ಕಾಗದ ಬಿಡಿಸಿಕೊಳ್ಳದಿದ್ದರೆ ದೂರದ ಬಂದರಿನಲ್ಲಿ ಸರಕು, ಅದರ ಬಾಡಿಗೆ ಎರಡೂ ಅವಳ ತಲೆ ಮೇಲೆ ಬರುತ್ತವೆ.

ಇನ್ನೊಂದು ವಿಮೆ. ‘ಆಲ್ ರಿಸ್ಕ್’ ಪಾಲಿಸಿ ಇದೆ, ಎಲ್ಲವೂ ಸೇರಿದೆ ಅಂತ ಬಹಳ ರಫ್ತುದಾರರು ನಂಬಿರುತ್ತಾರೆ. ಸೇರಿಲ್ಲ. ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ‘ಎ’ (ಸರಕು ವಿಮೆಯ ಷರತ್ತುಗಳು) ಯುದ್ಧವನ್ನೂ, ಹಡಗು ಹಿಡಿಯುವುದನ್ನೂ, ತಡೆಹಿಡಿಯುವುದನ್ನೂ ಹೊರಗಿಡುತ್ತದೆ. ಇನ್‌ಸ್ಟಿಟ್ಯೂಟ್ ವಾರ್ ಕ್ಲಾಸಸ್ ಬೇರೆಯಾಗಿ ಕೊಳ್ಳಬೇಕು. ಅದೂ ಸರಕು ಹಡಗಿನಲ್ಲಿ ಇರುವಷ್ಟು ಹೊತ್ತು ಮಾತ್ರ. ಕೊನೆಯ ಬಂದರಿಗೆ ಬಂದ ಮೇಲೆ ಇಳಿಸುವುದು ತಡವಾದರೆ 15 ದಿನಕ್ಕೆ ಮುಗಿಯುತ್ತದೆ. ಸರಕು ಸುರಕ್ಷಿತವಾಗಿದ್ದು, ಯುದ್ಧದಿಂದಾಗಿ ಪ್ರಯಾಣ ಮಾತ್ರ ನಿಂತುಹೋದರೆ ಪರಿಹಾರ ಇಲ್ಲ. ತಡವಾಗಿ ಬೆಲೆ ಬಿದ್ದರೂ ಇಲ್ಲ. ಓಪನ್ ಕವರ್ (ಲೋಡುಗಳೆಲ್ಲಕ್ಕೂ ಸೇರಿಸಿ ಮಾಡಿಕೊಂಡ ವಿಮಾ ಒಪ್ಪಂದ) ಇದ್ದರೆ, ಸಾಮಾನ್ಯವಾಗಿ 7 ದಿನದ ನೋಟಿಸ್ ಕೊಟ್ಟು ವಿಮಾ ಕಂಪನಿ ಯುದ್ಧದ ಭಾಗವನ್ನು ಹಿಂತೆಗೆಯಬಹುದು. ಆ ಹೊತ್ತಿಗೆ ಹಡಗು ಹತ್ತಿರುವ ಸರಕಿಗೆ ರಕ್ಷಣೆ ಮುಂದುವರಿಯುತ್ತದೆ, ಗೋದಾಮಿನಲ್ಲಿರುವುದಕ್ಕೆ ಇಲ್ಲ. ಮುಂದಿನ ಲೋಡ್ ಕಳಿಸುವ ಮೊದಲು, ಹಡಗು ಯಾವ ದಾರಿಯಲ್ಲಿ ಹೋಗುತ್ತದೆ, ಯಾವ ಬಂದರಿನಲ್ಲಿ ಸರಕನ್ನು ಬೇರೆ ಹಡಗಿಗೆ ಬದಲಾಯಿಸುತ್ತಾರೆ, ಪಾಲಿಸಿಯ ನೋಟಿಸ್ ಅವಧಿ ಎಷ್ಟು, ಈ ಮೂರನ್ನೂ ಏಜೆಂಟರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಲು ಹೇಳಿ.